ಪ್ಲೂಟೊ ಮುಟ್ಟಿದ ಸಾಲ

ಅಮೆರಿಕದ ಒಂದು ಡಾಲರ್ ನೋಟಿನ ಉದ್ದ 15.6 ಸೆಂಟಿಮೀಟರ್. ತೂಕ ಒಂದೇ ಒಂದು ಗ್ರಾಂ. ಈ ಎರಡು ಅಳತೆ ನೆನಪಿನಲ್ಲಿರಲಿ. ಇವನ್ನು ಕೈಯಲ್ಲಿ ಹಿಡಿದೇ ನಾವು ಸೌರಮಂಡಲದ ಅಂಚಿನವರೆಗೆ ಹೋಗಬೇಕಿದೆ.

2025ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರದ ಒಟ್ಟು ಸಾಲ 38 ಲಕ್ಷ ಕೋಟಿ ಡಾಲರ್ ದಾಟಿತು. 38 ಬರೆದು ಮುಂದೆ ಹನ್ನೆರಡು ಸೊನ್ನೆ ಹಾಕಬೇಕು. ಸೆಕೆಂಡಿಗೆ ಒಂದು ಡಾಲರ್‌ನಂತೆ, ಊಟ ನಿದ್ದೆ ಬಿಟ್ಟು ಎಣಿಸುತ್ತ ಕೂತರೆ ಎಣಿಕೆ ಮುಗಿಯಲು 12 ಲಕ್ಷ ವರ್ಷ ಬೇಕು. ನಮ್ಮ ಮನುಷ್ಯ ಜಾತಿ ಭೂಮಿಯ ಮೇಲೆ ಕಾಣಿಸಿಕೊಂಡೇ ಸುಮಾರು 3 ಲಕ್ಷ ವರ್ಷ. ಅಂದರೆ ಈ ಸಾಲದ ಎಣಿಕೆ ಇವತ್ತಿಗೆ ಮುಗಿಯಬೇಕಿದ್ದರೆ, ಎಣಿಸಲು ಮನುಷ್ಯರೇ ಇಲ್ಲದ ಕಾಲದಲ್ಲಿ, ಅವರು ಹುಟ್ಟುವುದಕ್ಕೂ 9 ಲಕ್ಷ ವರ್ಷ ಮೊದಲೇ ಅದನ್ನು ಶುರು ಮಾಡಬೇಕಿತ್ತು!

ತೂಗಿ ನೋಡೋಣವೇ? ಒಂದೊಂದು ಡಾಲರ್‌ನ ನೋಟುಗಳಲ್ಲಿ ಈ ಸಾಲದ ತೂಕ 3.8 ಕೋಟಿ ಟನ್. ಐದು ಟನ್ ತೂಗುವ ಸಲಗಗಳ ಲೆಕ್ಕದಲ್ಲಿ 76 ಲಕ್ಷ ಆನೆ. ಏಷ್ಯಾ, ಆಫ್ರಿಕಾ ಎರಡೂ ಖಂಡಗಳ ಕಾಡುಗಳಲ್ಲಿರುವ ಆನೆಗಳನ್ನೆಲ್ಲ ಒಟ್ಟು ಸೇರಿಸಿದರೂ ಐದು ಲಕ್ಷದ ಒಳಗೇ ನಿಲ್ಲುತ್ತವೆ. ತಕ್ಕಡಿಯ ಈ ಕಡೆ ಲೋಕದ ಕಾಡಾನೆಗಳನ್ನೆಲ್ಲ ಹತ್ತಿಸಿದರೂ ಸಾಲದ ತಟ್ಟೆ ಅಲುಗುವುದಿಲ್ಲ. ಹದಿನೈದು ಭೂಮಿಗಳ ಆನೆ ಬೇಕು. ಇಷ್ಟು ನೋಟು ಎಲ್ಲಾದರೂ ಇವೆಯೇ ಎಂದರೆ ಅದೂ ಇಲ್ಲ. ಜಗತ್ತಿನಾದ್ಯಂತ ಚಲಾವಣೆಯಲ್ಲಿರುವ ಅಮೆರಿಕದ ನೋಟುಗಳ, ನೂರರದ್ದೂ ಸೇರಿ, ಒಟ್ಟು ಮೌಲ್ಯ 2.4 ಲಕ್ಷ ಕೋಟಿ ಡಾಲರ್ ಆಸುಪಾಸು. ಸಾಲ ಅದರ ಹದಿನಾರು ಪಟ್ಟು ಹತ್ತಿರ.

ಆದರೆ ನಿಜವಾದ ಬೆರಗು ಇರುವುದು ನೋಟುಗಳನ್ನು ಒಂದರ ತುದಿಗೆ ಇನ್ನೊಂದನ್ನು ಜೋಡಿಸಿ ಸಾಲು ಕಟ್ಟಿದಾಗ.

ಮೊದಲ ನೋಟಿನಿಂದಲೇ ಶುರು ಮಾಡೋಣ. ಬ್ರಿಟಿಷರೊಡನೆ ಕಾದಾಡಿ ಸ್ವತಂತ್ರವಾದ ಅಮೆರಿಕ ಹುಟ್ಟಿದ್ದೇ ಸಾಲ ಹೊತ್ತುಕೊಂಡು. ಯುದ್ಧಕ್ಕಾಗಿ ರಾಜ್ಯಗಳು ಮಾಡಿದ ಸಾಲವನ್ನೂ ಕೇಂದ್ರವೇ ಹೊರಬೇಕು ಎಂದರು ಖಜಾನೆ ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್. ಕೂಡದು ಎಂದರು ಜೇಮ್ಸ್ ಮ್ಯಾಡಿಸನ್. 1790ರಲ್ಲಿ ರಾಜಿಯಾಯಿತು. ಸಾಲ ಕೇಂದ್ರಕ್ಕೆ ಬಂತು, ಬದಲಿಗೆ ರಾಜಧಾನಿ ದಕ್ಷಿಣಕ್ಕೆ, ಪೊಟೋಮ್ಯಾಕ್ ನದಿಯ ದಡಕ್ಕೆ ಹೋಯಿತು. ಆದರೆ ಆ ಜಗಳದಿಂದ ಒಡೆದ ಗುಂಪುಗಳೇ ಬೆಳೆದು ಆ ದೇಶದ ಮೊದಲ ಎರಡು ಪಕ್ಷಗಳಾದವು. ಅಂದರೆ ಅಲ್ಲಿ ಪಕ್ಷ ರಾಜಕೀಯ ಕಣ್ಣು ಬಿಟ್ಟಿದ್ದೇ ಸಾಲದ ತೊಟ್ಟಿಲಲ್ಲಿ. ಆಗಿನ ಸಾಲ ಸುಮಾರು 7.5 ಕೋಟಿ ಡಾಲರ್. ಇಂದಿನ ನೋಟಿನ ಅಳತೆಯಲ್ಲಿ ಸಾಲಿನ ಉದ್ದ 11,700 ಕಿಲೋಮೀಟರ್. ಭೂಮಿಯನ್ನು ಒಂದು ಸುತ್ತು ಬಳಸಲು 40,000 ಬೇಕು. ಮೂರನೇ ಒಂದು ಭಾಗವೂ ಆಗಲಿಲ್ಲ.

ಮುಂದಿನದು ಇಡೀ ಕಥೆಯಲ್ಲೇ ಅತಿ ಚಿಕ್ಕ ಅಂಕಿ, ನನಗೆ ಅತ್ಯಂತ ಪ್ರಿಯವಾದದ್ದೂ ಹೌದು. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಸಾಲ ಎಂದರೆ ಕಡು ದ್ವೇಷ. ತೀರಿಸಿಯೇ ತೀರುತ್ತೇನೆ ಎಂದು ಹಟ ಹಿಡಿದು ತೀರಿಸಿದರು. 1835ರ ಜನವರಿ 1ರಂದು ಖಜಾನೆಯ ಪುಸ್ತಕದಲ್ಲಿ ಉಳಿದಿದ್ದ ಸಾಲ 33,733 ಡಾಲರ್ 5 ಸೆಂಟ್. ನೋಟಿನ ಸಾಲು 5.26 ಕಿಲೋಮೀಟರ್. ಒಂದು ದೊಡ್ಡ ದೇಶದ ಇಡೀ ಸಾಲದ ಪಕ್ಕದಲ್ಲೇ ಹೆಜ್ಜೆ ಹಾಕಿ ಸುಮಾರು ಒಂದು ಗಂಟೆಯಲ್ಲಿ ಅದರ ತುದಿ ಮುಟ್ಟಬಹುದಿತ್ತು! ಅಮೆರಿಕದ ಇತಿಹಾಸದಲ್ಲಿ ಅದೊಂದೇ ಸಲ.

1860ರಲ್ಲಿ ಸಾಲು ಭೂಮಿಯ ಕಾಲು ಸುತ್ತು, ಸುಮಾರು 10,000 ಕಿಲೋಮೀಟರ್. ಆಮೇಲೆ ಅಂತರ್ಯುದ್ಧ. 1865ರ ಹೊತ್ತಿಗೆ 6.5 ಕೋಟಿಯ ಸಾಲ 267 ಕೋಟಿ ದಾಟಿತ್ತು. ಸಾಲು 4 ಲಕ್ಷ 17 ಸಾವಿರ ಕಿಲೋಮೀಟರ್. ಚಂದ್ರನಿರುವುದು 3 ಲಕ್ಷ 84 ಸಾವಿರದಲ್ಲಿ. ಕಾಲು ಸುತ್ತು ಬಳಸಲಷ್ಟೇ ಆಗುತ್ತಿದ್ದ ಸಾಲು ಐದೇ ವರ್ಷದಲ್ಲಿ ಚಂದ್ರನನ್ನು ಹಿಂದೆ ಹಾಕಿತು. ಮನುಷ್ಯ ಅಲ್ಲಿಗೆ ಹೋಗಿ ಕಾಲಿಡಲು ಇನ್ನೂ 104 ವರ್ಷ ಬಾಕಿಯಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಸಾಲಿನ ಉದ್ದ ಚಂದ್ರನ ದೂರದ ಹನ್ನೊಂದು ಪಟ್ಟು. ಎರಡನೆಯದು ಮುಗಿದ ಮೇಲೆ, 1946ರಲ್ಲಿ, 4.2 ಕೋಟಿ ಕಿಲೋಮೀಟರ್. ಚಂದ್ರನ ಅಳತೆಗೋಲು ಇಲ್ಲಿಗೆ ಸಾಕು. ಇನ್ನು ಸೂರ್ಯನಿಂದಲೇ ಅಳೆಯಬೇಕು.

ಸೂರ್ಯನ ಬಳಿ ಮೊದಲ ನೋಟನ್ನಿಟ್ಟು, ಗ್ರಹಗಳ ಸರಾಸರಿ ದೂರ ಹಿಡಿದು ಹೊರಡೋಣ. ಮೊದಲ ನಿಲ್ದಾಣ ಬುಧ, 5.8 ಕೋಟಿ ಕಿಲೋಮೀಟರ್. ಸಾಲು ಅಲ್ಲಿಗೆ ತಲುಪಿದ್ದು 1970ರ ನಡುವಿನಲ್ಲಿ, ರಿಚರ್ಡ್ ನಿಕ್ಸನ್ ಕಾಲದಲ್ಲಿ. 1790ರಿಂದ ಲೆಕ್ಕ ಹಾಕಿದರೆ 180 ವರ್ಷದ ಪ್ರಯಾಣ. ನಾಲ್ಕು ದೊಡ್ಡ ಯುದ್ಧಗಳಿಗೆ ಸಾಲ ಮಾಡಿದ ಮೇಲೂ ಹತ್ತಿರದ ಗ್ರಹಕ್ಕೆ ಹೋಗಲು ಅಷ್ಟು ಕಾಲ ಬೇಕಾಯಿತು. ಎರಡನೆಯ ನಿಲ್ದಾಣ ಶುಕ್ರ. ಅಲ್ಲಿಗೆ ಏಳೇ ವರ್ಷ. 1977, ಜಿಮ್ಮಿ ಕಾರ್ಟರ್. ಅದೇ ವರ್ಷ ನಾಸಾ ವಾಯೇಜರ್-1 ನೌಕೆಯನ್ನು ಆಕಾಶಕ್ಕೆ ಹಾರಿಸಿತು. ಮೂರನೆಯದು ನಮ್ಮ ಭೂಮಿ, 15 ಕೋಟಿ ಕಿಲೋಮೀಟರ್. 1981, ರೊನಾಲ್ಡ್ ರೇಗನ್ ಅಧಿಕಾರಕ್ಕೆ ಬಂದ ಮೊದಲ ತಿಂಗಳುಗಳು.

ರೇಗನ್ ಅವರ ಬಳಿ ಸ್ವಲ್ಪ ನಿಲ್ಲಲೇಬೇಕು. ಈಗ ನಾವು ಆಡುತ್ತಿರುವ ಆಟವನ್ನು ಅವರೇ ಆಡಿದ್ದರು. 1981ರ ಫೆಬ್ರವರಿ 18ರಂದು ಸಂಸತ್ತಿನ ಮುಂದೆ ನಿಂತು, ಸಾಲ ಒಂದು ಲಕ್ಷ ಕೋಟಿ ಡಾಲರ್ ಸಮೀಪಿಸುತ್ತಿದೆ, ಸಾವಿರ ಡಾಲರ್‌ನ ನೋಟುಗಳನ್ನು ಒಂದರ ಮೇಲೊಂದು ಪೇರಿಸಿದರೆ 67 ಮೈಲಿ ಎತ್ತರವಾಗುತ್ತದೆ ಎಂದರು. 67 ಮೈಲಿ ಎಂದರೆ 108 ಕಿಲೋಮೀಟರ್. ಅಂತರಿಕ್ಷ ಆರಂಭವಾಗುತ್ತದೆ ಎಂದು ಒಪ್ಪಿಕೊಂಡಿರುವ ಗೆರೆ 100 ಕಿಲೋಮೀಟರ್‌ಗೆ.  ಖರ್ಚಿಗೆ ಕಡಿವಾಣ ಹಾಕುತ್ತೇವೆಂದೇ ಗೆದ್ದು ಬಂದವರು ಅವರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸಾಲ ಒಂದು ಲಕ್ಷ ಕೋಟಿ ದಾಟಿತು. ಎಂಟು ವರ್ಷದ ಬಳಿಕ ಅವರು ಶ್ವೇತಭವನ ಬಿಟ್ಟಾಗ ಸಾಲ ಹೆಚ್ಚುಕಡಿಮೆ ಮೂರು ಪಟ್ಟಾಗಿತ್ತು. 1984ರಲ್ಲಿ, ಅವರ ಮೊದಲ ಅವಧಿ ಮುಗಿಯುವ ಮುನ್ನವೇ, ನೋಟಿನ ಸಾಲು ಮಂಗಳ ಗ್ರಹವನ್ನೂ ದಾಟಿತ್ತು. ಅವರು ಹೇಳಿದ ಆ ಕಂಬ ಈಗ ಎಷ್ಟೆತ್ತರ? 4,100 ಕಿಲೋಮೀಟರ್! ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುತ್ತಿರುವುದು 400 ಕಿಲೋಮೀಟರ್ ಎತ್ತರದಲ್ಲಿ.

ಮುಂದೆ ಗುರು, 78 ಕೋಟಿ ಕಿಲೋಮೀಟರ್. 1996ರ ಹೊಸ್ತಿಲಲ್ಲಿ, ಬಿಲ್ ಕ್ಲಿಂಟನ್. ಇಲ್ಲಿ ಒಂದು ಪವಾಡವೂ ನಡೆಯಿತು. ಡೆಮಾಕ್ರಟಿಕ್ ಅಧ್ಯಕ್ಷ, ರಿಪಬ್ಲಿಕನ್ ಸಂಸತ್ತು. ಎರಡೂ ಕಡೆಯವರು ಹಗಲಿರುಳು ಕಚ್ಚಾಡಿದರು. ಅದೇ ವರ್ಷಗಳಲ್ಲಿ, 1998ರಿಂದ 2001ರವರೆಗೆ, ಸತತ ನಾಲ್ಕು ಬಜೆಟ್‌ಗಳಲ್ಲಿ ಹಣ ಉಳಿಯಿತು. 2000ದ ಒಂದೇ ವರ್ಷದ ಉಳಿತಾಯ 23,600 ಕೋಟಿ ಡಾಲರ್. ಸಾಲು ನಿಂತಿತು, ಸ್ವಲ್ಪ ಹಿಂದಕ್ಕೂ ಸರಿಯಿತು. 2001ರ ಜನವರಿಯಲ್ಲಿ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಅಲನ್ ಗ್ರೀನ್‌ಸ್ಪ್ಯಾನ್ ಸಂಸತ್ತಿಗೆ ಬಂದು ಚಿಂತೆ ತೋಡಿಕೊಂಡರು. ಯಾವುದರ ಬಗ್ಗೆ ಗೊತ್ತೇ? ಸಾಲವೆಲ್ಲ ತೀರಿಹೋದರೆ ಸರ್ಕಾರದ ಬಳಿ ಮಿಗುವ ಹಣವನ್ನು ಏನು ಮಾಡುವುದು ಎಂದು!

ನ್ಯೂಯಾರ್ಕ್‌ನಲ್ಲಿ ಇದಕ್ಕೆಲ್ಲ ಒಂದು ಸಾಕ್ಷಿಯಿದೆ. ಸೇಮೋರ್ ಡರ್ಸ್ಟ್ ಎಂಬ ಕಟ್ಟಡ ಉದ್ಯಮಿ 1989ರಲ್ಲಿ ಟೈಮ್ಸ್ ಚೌಕದ ಹತ್ತಿರ ಸಾಲದ ಗಡಿಯಾರವನ್ನು ತೂಗುಹಾಕಿಸಿದರು. ದೇಶದ ಸಾಲವನ್ನು ಕ್ಷಣಕ್ಷಣಕ್ಕೂ ತೋರಿಸುವ ಫಲಕ ಅದು. ಶುರುವಾದಾಗ ಅದರಲ್ಲಿದ್ದದ್ದು 3 ಲಕ್ಷ ಕೋಟಿಗೂ ಕಡಿಮೆ. 2000ದಲ್ಲಿ ಅಂಕಿ ಇಳಿಯತೊಡಗಿದಾಗ ಅದನ್ನು ಆರಿಸಿ ಮೇಲೆ ಪರದೆ ಇಳಿಬಿಟ್ಟರು. ಎರಡು ವರ್ಷವೂ ತಡೆಯಲಿಲ್ಲ, 2002ರಲ್ಲಿ ಪರದೆ ಎದ್ದಿತು. 2008ರಲ್ಲಿ ಸಾಲ 10 ಲಕ್ಷ ಕೋಟಿ ದಾಟಿದಾಗ ಫಲಕದಲ್ಲಿ ಜಾಗವೇ ಸಾಲಲಿಲ್ಲ. ಡಾಲರ್ ಚಿಹ್ನೆಯಿದ್ದ ಮನೆಯನ್ನು ತೆರವು ಮಾಡಿಸಿ ಅಲ್ಲಿ 1 ಬರೆದರು.

ಶನಿಯನ್ನು ಸಾಲು ಮುಟ್ಟಿದ್ದು ಆ ಫಲಕ ತುಂಬುವುದಕ್ಕೆ ಕೆಲವು ತಿಂಗಳು ಮೊದಲು. 143 ಕೋಟಿ ಕಿಲೋಮೀಟರ್, 2007ರ ಕೊನೆ, ಜಾರ್ಜ್ ಬುಷ್. ಅಲ್ಲಿಂದ ಯುರೇನಸ್‌ಗೆ ಮತ್ತೆ 144 ಕೋಟಿ ಕಿಲೋಮೀಟರ್, ಅಂದರೆ ಸೂರ್ಯನಿಂದ ಶನಿಯವರೆಗೆ ಬಂದಷ್ಟೇ ದೂರ. ಮೊದಲಿನದಕ್ಕೆ ಎರಡು ಶತಮಾನ ಮೀರಿ ಹಿಡಿದಿತ್ತು. ಇದಕ್ಕೆ ಎಂಟು ವರ್ಷ. 2015ರ ನವೆಂಬರ್, ಬರಾಕ್ ಒಬಾಮ.

ಯುರೇನಸ್ ದಾಟಿದ ಬಗೆಯಂತೂ ಕೇಳಿದರೆ ನಂಬುವಂತಿಲ್ಲ. ಸಾಲಕ್ಕೆ ಸಂಸತ್ತು ಒಂದು ಮಿತಿ ಹಾಕಿರುತ್ತದೆ. ಆ ವರ್ಷ ತಿಂಗಳುಗಟ್ಟಲೆ ಮಿತಿಗೆ ತಲೆ ತಾಗಿಸಿಕೊಂಡು ಸಾಲು ನಿಂತಿತ್ತು. ಪಕ್ಷಗಳ ಜಗ್ಗಾಟ ಮುಗಿದು ಮಿತಿಗೆ ತಾತ್ಕಾಲಿಕ ವಿನಾಯಿತಿ ಸಿಕ್ಕಿದ್ದೇ ತಡ, ಲೆಕ್ಕದ ಪುಸ್ತಕದಲ್ಲಿ ಒಂದೇ ದಿನ ಸಾಲ ಸುಮಾರು 33,900 ಕೋಟಿ ಡಾಲರ್ ನೆಗೆಯಿತು. ನೋಟಿನ ಸಾಲಿನಲ್ಲಿ 5.3 ಕೋಟಿ ಕಿಲೋಮೀಟರ್. ಸೂರ್ಯನಿಂದ ಬುಧನವರೆಗಿನ ದೂರ 5.8 ಕೋಟಿ ಎಂದೆನಲ್ಲ? ವಾಷಿಂಗ್ಟನ್‌ನಿಂದ ನಿಕ್ಸನ್‌ವರೆಗೆ 37 ಅಧ್ಯಕ್ಷಾವಧಿಗಳ ಲೆಕ್ಕದಲ್ಲಿ 180 ವರ್ಷ ನಡೆದ ದಾರಿಯನ್ನು, ಹತ್ತಿರ ಹತ್ತಿರ ಪೂರ್ತಿಯಾಗಿ, ಒಂದು ಹಗಲು ಒಂದು ರಾತ್ರಿಯಲ್ಲಿ!

ನೆಪ್ಚೂನ್, 450 ಕೋಟಿ ಕಿಲೋಮೀಟರ್: 2021ರ ಅಕ್ಟೋಬರ್, ಜೋ ಬೈಡನ್. ಪ್ಲೂಟೊ, 591 ಕೋಟಿ ಕಿಲೋಮೀಟರ್: 2025ರ ಅಕ್ಟೋಬರ್, ಡೊನಾಲ್ಡ್ ಟ್ರಂಪ್. 38 ಲಕ್ಷ ಕೋಟಿ ನೋಟುಗಳ ಸಾಲು 593 ಕೋಟಿ ಕಿಲೋಮೀಟರ್. ಪ್ಲೂಟೊದ ಹೊಸ್ತಿಲು ದಾಟಿ ಒಂದೆರಡು ಹೆಜ್ಜೆ ಮುಂದೆ.

ಈಗ ಒಂಬತ್ತು ನಿಲ್ದಾಣಗಳನ್ನೂ ಪಕ್ಷವಾರು ಹಂಚಿ ನೋಡಿ. ಬುಧ, ಭೂಮಿ, ಮಂಗಳ, ಶನಿ, ಪ್ಲೂಟೊ ರಿಪಬ್ಲಿಕನ್ನರ ಪಾಲಿಗೆ. ಶುಕ್ರ, ಗುರು, ಯುರೇನಸ್, ನೆಪ್ಚೂನ್ ಡೆಮಾಕ್ರಟರ ಪಾಲಿಗೆ. ಐದು, ನಾಲ್ಕು. ಸಾಲದ ಮಿತಿಯ ಲೆಕ್ಕವೂ ಅಮೆರಿಕದ ಖಜಾನೆಯ ಬಳಿಯೇ ಇದೆ. ಅದು ಹೇಳುವಂತೆ 1960ರಿಂದ ಸಂಸತ್ತು ಮಿತಿಯನ್ನು ಏರಿಸಿದ್ದು, ತಾತ್ಕಾಲಿಕವಾಗಿ ವಿಸ್ತರಿಸಿದ್ದು, ತಿದ್ದಿದ್ದು 78 ಸಲ. ರಿಪಬ್ಲಿಕನ್ ಅಧ್ಯಕ್ಷರ ಕಾಲದಲ್ಲಿ 49, ಡೆಮಾಕ್ರಟರ ಕಾಲದಲ್ಲಿ 29. ಸರಾಸರಿ ವರ್ಷಕ್ಕೊಮ್ಮೆಗಿಂತಲೂ ಹೆಚ್ಚಾಗಿ ಕೈಯಾಡಿಸುವ ಛಾವಣಿ ಇದು. ಯಾವ ಪಕ್ಷದವರೂ ವಿರೋಧದಲ್ಲಿ ಕೂತಾಗ ಸಾಲಕ್ಕೆ ಹೆದರುತ್ತಾರೆ, ಆಳುವ ಕುರ್ಚಿಗೆ ಬಂದಾಗ ಆ ಹೆದರಿಕೆ ಎದುರಿನ ಬೆಂಚಿಗೆ ದಾಟುತ್ತದೆ ಎಂದು ಈ ಅಂಕಿಗಳನ್ನು ನೋಡಿದ ಮೇಲೆ ನಾನು ನಂಬಿದ್ದೇನೆ. 2006ರಲ್ಲಿ ಸೆನೆಟರ್ ಆಗಿದ್ದ ಒಬಾಮ ಮಿತಿ ಏರಿಸುವುದಕ್ಕೆ ವಿರೋಧವಾಗಿ ಮತ ಹಾಕಿದರು. ಆದರೂ ಏರಿಕೆಯ ಮಸೂದೆ 52–48ರಲ್ಲಿ ಗೆದ್ದಿತು. ಐದು ವರ್ಷದ ಬಳಿಕ, ಅಧ್ಯಕ್ಷರಾಗಿ ಅದೇ ಮಿತಿ ಏರಿಸಲು ಕೇಳಬೇಕಾದಾಗ, ಆ ಮತ ತಪ್ಪಾಗಿತ್ತೆಂದು ತಾವೇ ಹೇಳಿದರು. 2016ರಲ್ಲಿ ಟ್ರಂಪ್ ಎಂಟು ವರ್ಷದಲ್ಲಿ ಸಾಲವನ್ನೇ ಇಲ್ಲವಾಗಿಸಬಹುದು ಎಂದಿದ್ದರು. ಅವರ ಮೊದಲ ನಾಲ್ಕು ವರ್ಷದಲ್ಲಿ 7.8 ಲಕ್ಷ ಕೋಟಿ ಸೇರಿತು. ನಂತರದ ನಾಲ್ಕು ವರ್ಷ ಬೈಡನ್ ಅವಧಿಯಲ್ಲಿ ಸುಮಾರು 8.4 ಲಕ್ಷ ಕೋಟಿ. ಒಬ್ಬರನ್ನೊಬ್ಬರು ಬೈಯುವುದರಲ್ಲೇ ಹೊತ್ತು ಕಳೆದ ಈ ಇಬ್ಬರ ಎಂಟು ವರ್ಷಗಳಲ್ಲಿ ಸಾಲು ಬೆಳೆದದ್ದು 250 ಕೋಟಿ ಕಿಲೋಮೀಟರ್. ಒಟ್ಟು ಉದ್ದದ ಹತ್ತರಲ್ಲಿ ನಾಲ್ಕು ಪಾಲಿಗೂ ಹೆಚ್ಚು!

ಇನ್ನು ಒಂದೇ ಒಂದು ಮತದ ಕಥೆ. 2025ರ ಜುಲೈ 1, ಅಮೆರಿಕದ ಸೆನೆಟ್. ಟ್ರಂಪ್ ಸರ್ಕಾರದ ದೊಡ್ಡ ತೆರಿಗೆ ಮಸೂದೆಯಲ್ಲೇ ಸಾಲದ ಮಿತಿಯನ್ನು 5 ಲಕ್ಷ ಕೋಟಿ ಡಾಲರ್ ಏರಿಸುವ ಸಾಲೂ ಇತ್ತು. ಡೆಮಾಕ್ರಟರೆಲ್ಲ ವಿರುದ್ಧ, ಮೂವರು ರಿಪಬ್ಲಿಕನ್ನರೂ ವಿರುದ್ಧ. 50–50. ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ತಮ್ಮ ಮತ ಹಾಕಿದರು, 51–50. ಮಸೂದೆ ದಾಟಿತು. 5 ಲಕ್ಷ ಕೋಟಿ ನೋಟುಗಳ ಸಾಲು ಎಷ್ಟುದ್ದ? 78 ಕೋಟಿ ಕಿಲೋಮೀಟರ್. ಸೂರ್ಯನಿಂದ ಗುರುಗ್ರಹಕ್ಕಿರುವ ದೂರ! ಸಾಲು ತಾನೇ ನಡೆದು ಗುರುವನ್ನು ಮುಟ್ಟಲು 200 ವರ್ಷ ಮೀರಿ ಬೇಕಾಗಿತ್ತು. ಅಷ್ಟೇ ದೂರದ ಪರವಾನಗಿ ಒಬ್ಬ ಮನುಷ್ಯನ ಒಂದು ಮತದಿಂದ, ಒಂದೇ ದಿನದಲ್ಲಿ.

ಬಡ್ಡಿಯ ಮಾತೂ ಆಗಲಿ. 2024ರ ಹಣಕಾಸು ವರ್ಷದಲ್ಲಿ ಅಮೆರಿಕ ಕಟ್ಟಿದ ನಿವ್ವಳ ಬಡ್ಡಿ ಅದರ ರಕ್ಷಣಾ ವೆಚ್ಚವನ್ನೇ ಮೀರಿತು. ಲೋಕದಲ್ಲೇ ಅತಿ ದುಬಾರಿ ಸೈನ್ಯದ ಖರ್ಚಿಗಿಂತ ಹಳೆಯ ಸಾಲದ ಬಡ್ಡಿ ಹೆಚ್ಚು. 2025ರಲ್ಲಿ ಅದು ಸುಮಾರು 97 ಸಾವಿರ ಕೋಟಿ ಡಾಲರ್. ಸೆಕೆಂಡಿಗೆ 30 ಸಾವಿರ ಡಾಲರ್‌ಗೂ ಮೇಲು. ನಮ್ಮ ಚಂದ್ರಯಾನ-3ಕ್ಕೆ ತಗುಲಿದ್ದು ಸುಮಾರು 615 ಕೋಟಿ ರೂಪಾಯಿ, ಅಂದರೆ ಈ ಬಡ್ಡಿಯ 40 ನಿಮಿಷ. ಬೆಂಗಳೂರಿನಿಂದ ನಡೆಯುವ ಇಸ್ರೋ ಸೇರಿದಂತೆ ಭಾರತದ ಇಡೀ ಅಂತರಿಕ್ಷ ಇಲಾಖೆಗೆ 2025–26ರಲ್ಲಿ ಕೊಟ್ಟ ಹಣ ಸುಮಾರು 13,400 ಕೋಟಿ ರೂಪಾಯಿ. ಅದು 14 ಗಂಟೆಯ ಬಡ್ಡಿ. ಬೆಳಿಗ್ಗೆ ಆರಕ್ಕೆ ಮೀಟರ್ ಶುರುವಾದರೆ ರಾತ್ರಿ ಎಂಟಕ್ಕೆ ಭಾರತದ ಒಂದು ವರ್ಷದ ಅಂತರಿಕ್ಷ ಯೋಜನೆ ಪೂರ್ತಿ ಮುಗಿದಿರುತ್ತದೆ.

ಸಾಲ ಕೊಟ್ಟವರಲ್ಲಿ ನಾವೂ ಇದ್ದೇವೆ. ಭಾರತದ ಕೈಯಲ್ಲಿರುವ ಅಮೆರಿಕದ ಸಾಲಪತ್ರಗಳು ಸುಮಾರು 20 ಸಾವಿರ ಕೋಟಿ ಡಾಲರ್‌ನವು, ಬಹುಪಾಲು ನಮ್ಮ ರಿಸರ್ವ್ ಬ್ಯಾಂಕಿನ ಪೆಟ್ಟಿಗೆಯಲ್ಲಿ. ಅದರ ನೋಟಿನ ಸಾಲು ಚಂದ್ರನ ದೂರದ 80 ಪಟ್ಟು. ಒಟ್ಟು ಸಾಲದಲ್ಲಿ ನಮ್ಮ ಪಾಲು ಎಷ್ಟು ಎಂದರೆ ಅರ್ಧ ಶೇಕಡಾ. ಜಪಾನ್ ಒಂದೇ ಕೊಟ್ಟಿರುವ ಸಾಲ ಸೂರ್ಯನಿಂದ ಹೊರಟು ಭೂಮಿಯನ್ನು ದಾಟಿ ಹೋಗುತ್ತದೆ.

ಸಾಲ ತೀರಿಸಲು ಕೈಜೋಡಿಸುವ ಸಾಮಾನ್ಯರೂ ಇದ್ದಾರೆ, ಇದು ನನ್ನ ಮನಸ್ಸು ತಟ್ಟಿದ ಸಂಗತಿ. ಬಯಸಿದವರು ದೇಶದ ಸಾಲಕ್ಕಾಗಿ ದಾನ ಕೊಡಲು ಅಮೆರಿಕದ ಖಜಾನೆ ಒಂದು ಖಾತೆಯನ್ನೇ ತೆರೆದಿಟ್ಟಿದೆ. 1996ರಿಂದ ಅದಕ್ಕೆ ಸುಮಾರು 6.7 ಕೋಟಿ ಡಾಲರ್ ಬಂದಿದೆ. ಕಡಿಮೆ ಹಣವೇನಲ್ಲ, ಅದೂ ಯಾರೂ ಕೇಳದೆ ಕೊಟ್ಟದ್ದು. ಆದರೆ 2025ರ ಅಕ್ಟೋಬರ್‌ಗೆ ಮುಗಿದ ಒಂದು ವರ್ಷದಲ್ಲಿ ಸಾಲ ಬೆಳೆದದ್ದು ಸೆಕೆಂಡಿಗೆ ಸುಮಾರು 70 ಸಾವಿರ ಡಾಲರ್‌ನಂತೆ. ಮೂರು ದಶಕಗಳ ಆ ಔದಾರ್ಯವನ್ನು ಅದು 16 ನಿಮಿಷದಲ್ಲಿ ನುಂಗಿ ಮುಂದೆ ಹೋಗುತ್ತದೆ.

ಸೆಕೆಂಡಿಗೆ 70 ಸಾವಿರ ನೋಟು ಎಂದರೆ ಸಾಲಿನ ತುದಿ ಸೆಕೆಂಡಿಗೆ 10.9 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎಂದು ಅರ್ಥ. ಭೂಮಿಯ ಸೆಳೆತ ಹರಿದುಕೊಂಡು ಹೋಗಲು ಬೇಕಾದ ವೇಗ 11.2. ಇದು ವರ್ಷದ ಸರಾಸರಿ ಮಾತ್ರ. ಮಿತಿ ಏರಿದ ಬಳಿಕ, 2025ರ ಆಗಸ್ಟ್‌ನಲ್ಲಿ 37 ಲಕ್ಷ ಕೋಟಿ ದಾಟಿದ ಸಾಲ ಅಕ್ಟೋಬರ್‌ನಲ್ಲಿ 38 ದಾಟಿತು, ಸುಮಾರು ಎಪ್ಪತ್ತು ದಿನದಲ್ಲಿ. ಮೊದಲ ಒಂದು ಲಕ್ಷ ಕೋಟಿಗೆ ಎರಡು ಶತಮಾನ ಹತ್ತಿರವಾಗಿತ್ತು! ಆ ಎಪ್ಪತ್ತು ದಿನ ಸಾಲಿನ ತುದಿಯ ವೇಗ ಸೆಕೆಂಡಿಗೆ 25 ಕಿಲೋಮೀಟರ್.

ಮುಂದಿನ ದಾರಿಯೂ ಗುರುತಾಗಿದೆ. ಈಗಿನ ಮಿತಿ 41.1 ಲಕ್ಷ ಕೋಟಿ, ಅಂದರೆ 641 ಕೋಟಿ ಕಿಲೋಮೀಟರ್. ಪ್ಲೂಟೊ ಸೂರ್ಯನಿಂದ ಅತಿ ದೂರ ಸರಿದಾಗ 737 ಕೋಟಿ ಕಿಲೋಮೀಟರ್ ಆಚೆಗಿರುತ್ತದೆ. ಅಲ್ಲಿಗೆ 47.3 ಲಕ್ಷ ಕೋಟಿ ಸಾಕು. ಅಮೆರಿಕ ಸಂಸತ್ತಿನ ಬಜೆಟ್ ಕಚೇರಿ 2025ರ ಆರಂಭದಲ್ಲಿ ಹಾಕಿದ ಅಂದಾಜಿನಂತೆ, ಸರ್ಕಾರದ ಹೊರಗಿನವರಿಗೆ ಕೊಡಬೇಕಾದ ಸಾಲವಷ್ಟೇ 2035ಕ್ಕೆ 52 ಲಕ್ಷ ಕೋಟಿ. ಅದು 811 ಕೋಟಿ ಕಿಲೋಮೀಟರ್. ಅಲ್ಲಿಂದಾಚೆಗೆ ಮುಟ್ಟಲು ಗ್ರಹಗಳಿಲ್ಲ.

ಉಳಿದಿರುವುದು ವಾಯೇಜರ್-1. ಮನುಷ್ಯ ಕಳಿಸಿದ ವಸ್ತುಗಳಲ್ಲೇ ಅತಿ ದೂರ ಹೋದದ್ದು, ಈಗ ಸುಮಾರು 2,500 ಕೋಟಿ ಕಿಲೋಮೀಟರ್ ಆಚೆ, ಸೆಕೆಂಡಿಗೆ 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಆ ಎಪ್ಪತ್ತು ದಿನದ ವೇಗವನ್ನೇ ಬಿಡದೆ ಹಿಡಿದರೆ, ಡಾಲರ್ ನೋಟಿನ ಸಾಲು ಅದನ್ನು ಹಿಡಿಯಲು ಇನ್ನು ಎಪ್ಪತ್ತಕ್ಕೂ ಹೆಚ್ಚು ವರ್ಷ.